ದೂರದ ಗಣಕಯಂತ್ರವನ್ನು ಇದ್ದಲ್ಲಿಂದ ನಡೆಸುವ ವಿದ್ಯೆ



ನಮ್ಮ ಶಾಲೆಯಲ್ಲಿ ಓದಿ ಮುಂದೆ ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ತೌರೂರಿಗೆ ಬಹುದೂರದಲ್ಲಿ ನೆಲೆಸಿದ್ದಾರೆ. ಕೆಲವರು ಬೆಂಗಳೂರು, ಪುಣೆಗಳಲ್ಲಿಯೂ, ಕೆಲವರು ಸಮುದ್ರದಾಚೆಯ ದೇಶಗಳಲ್ಲಿಯೂ ಉದ್ಯೋಗದಲ್ಲಿರುವರು. ಅವರ ತಂದೆತಾಯಿಗಳು ಊರಿನ ಮನೆಯಲ್ಲಿದ್ದಾರೆ. ಆ ಮನೆಯ ಗಣಕಯಂತ್ರವು ಮೊಂಡುಹಿಡಿದು ನಿಂತಾಗ ಮಗಳು ತಾನಿದ್ದಲ್ಲಿಂದಲೇ ಅದನ್ನು ಸರಿಪಡಿಸಿಕೊಡುವುದುಂಟು. ತಾಯಿಯು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವಾಗಲೇ ಪರದೆಯ ಮೇಲಿನ ಬಾಣವು ತಾನೇ ತಾನಾಗಿ ಓಡಾಡುತ್ತದೆ. ಕಡತಗಳು ತೆರೆಯುತ್ತವೆ, ಮುಚ್ಚುತ್ತವೆ. ಮೊದಲ ಸಲ ನೋಡಿದವರಿಗೆ ಇದು ಇಂದ್ರಜಾಲದಂತೆ ತೋರಿದರೆ ಆಶ್ಚರ್ಯವಿಲ್ಲ.

ಇದೇ ಸಾಧನದಿಂದ ಕಳ್ಳರು ಮನೆಯ ಹೊಸ್ತಿಲನ್ನು ತುಳಿಯದೆಯೇ ಮನೆಯ ಹಣವನ್ನು ಒಯ್ಯುತ್ತಿರುವ ವಾರ್ತೆಗಳನ್ನೂ ನಾವು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಮಗಳು ಸರಿಸಿದ ಬಾಣವೂ ಕಳ್ಳನು ಸರಿಸಿದ ಬಾಣವೂ ಪರದೆಯ ಮೇಲೆ ಒಂದೇ ವಿಧವಾಗಿ ಕಾಣುತ್ತವೆ. ಆದುದರಿಂದ ಇವೆರಡನ್ನು ಬೇರ್ಪಡಿಸಿ ತಿಳಿಯುವ ವಿವೇಕವು ಪ್ರತಿಯೊಂದು ಮನೆಯಲ್ಲಿಯೂ ಇರತಕ್ಕದ್ದು. ಆ ವಿವೇಕಕ್ಕೆ ಆಧಾರವಾದ ಜ್ಞಾನವನ್ನು ಕ್ರಮವಾಗಿ ತಿಳಿಸುವುದೇ ಈ ಪಾಠದ ಉದ್ದೇಶ.

೧. ವಿಷಯದ ಅರ್ಥ

ಒಂದು ಗಣಕಯಂತ್ರದ ಮುಂದೆ ಕುಳಿತು, ಜಾಲದ ಮೂಲಕವಾಗಿ ಬೇರೊಂದು ಸ್ಥಳದಲ್ಲಿರುವ ಗಣಕಯಂತ್ರಕ್ಕೆ ಅಪ್ಪಣೆಗಳನ್ನು ಕೊಟ್ಟು ಕೆಲಸಮಾಡಿಸುವುದಕ್ಕೆ ದೂರನಿಯಂತ್ರಣವೆಂದು ಹೆಸರು. ಅಪ್ಪಣೆ ಕೊಡುವವರ ಎದುರಿಗಿರುವುದನ್ನು ಹತ್ತಿರದ ಯಂತ್ರವೆಂದೂ, ಅಪ್ಪಣೆಯಂತೆ ನಡೆಯುವುದನ್ನು ದೂರದ ಯಂತ್ರವೆಂದೂ ಈ ಪಾಠದಲ್ಲಿ ಕರೆಯೋಣ.

ಸೂತ್ರದ ಗೊಂಬೆಯಾಟವನ್ನು ನೀವು ನೋಡಿದ್ದೀರಿ. ಕುಣಿಯುವುದು ಗೊಂಬೆ, ಸೂತ್ರವನ್ನು ಎಳೆಯುವವನು ಮರೆಯಲ್ಲಿರುತ್ತಾನೆ. ದೂರನಿಯಂತ್ರಣದಲ್ಲಿ ಸೂತ್ರವು ನೂರಾರು ಮೈಲಿ ಉದ್ದವಾಗಿದೆ. ಸೂತ್ರಧಾರನು ರಂಗವನ್ನು ನೋಡುವುದೂ ಅದೇ ಸೂತ್ರದ ಮೂಲಕವಾಗಿಯೇ. ಹೀಗೆ ಎರಡು ಪ್ರವಾಹಗಳು ಏರ್ಪಡುತ್ತವೆ. ಹತ್ತಿರದ ಯಂತ್ರದಿಂದ ದೂರದ ಯಂತ್ರಕ್ಕೆ ಕೀಲಿಮಣೆಯ ಒತ್ತುಗಳೂ ಮೌಸಿನ ಚಲನೆಗಳೂ ಹೋಗುತ್ತವೆ. ದೂರದ ಯಂತ್ರದಿಂದ ಹತ್ತಿರದ ಯಂತ್ರಕ್ಕೆ ಪರದೆಯ ಚಿತ್ರವು ಬರುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದಿದೆ. ಕಡತವು ತೆರೆಯುವುದು, ಪತ್ರವು ಹೊರಡುವುದು, ಬ್ಯಾಂಕಿಗೆ ಹಣದ ಆಜ್ಞೆಯು ಹೋಗುವುದು, ಇವೆಲ್ಲವೂ ನಡೆಯುವುದು ದೂರದ ಯಂತ್ರದಲ್ಲಿ. ಎದುರಿಗೆ ಕುಳಿತವರು ಒತ್ತಿದ ಕೀಲಿಗೂ ಸಾವಿರ ಮೈಲಿಯಾಚೆಯಿಂದ ಬಂದ ಒತ್ತಿಗೂ ಆ ಯಂತ್ರವು ಸಾಮಾನ್ಯವಾಗಿ ಭೇದವೆಣಿಸುವುದಿಲ್ಲ. ಬ್ಯಾಂಕಿನ ಕಣ್ಣಿಗೂ ಆ ಆಜ್ಞೆಯು ಯಂತ್ರದ ಒಡತಿಯೇ ತನ್ನ ಮನೆಯಿಂದ ಕೊಟ್ಟಂತೆ ಕಾಣಬಹುದು. ದೂರನಿಯಂತ್ರಣದ ಪ್ರಯೋಜನವೂ ಅಪಾಯವೂ ಈ ಒಂದೇ ಬೇರಿನಿಂದ ಹುಟ್ಟಿವೆ.

೨. ಪೂರ್ವಚರಿತ್ರೆ

ಈ ವಿದ್ಯೆಯ ವಯಸ್ಸು ಗಣಕಯಂತ್ರದ ವಯಸ್ಸಿಗೆ ಸಮೀಪವಾದದ್ದು. ೧೯೪೦ನೆಯ ಇಸವಿ ಸೆಪ್ಟೆಂಬರ್ ೧೧ನೆಯ ತಾರೀಖು ಅಮೇರಿಕಾ ದೇಶದ ಹ್ಯಾನೋವರ್ ಎಂಬ ಊರಿನ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಶಾಸ್ತ್ರಜ್ಞರ ಸಭೆಯು ಕೂಡಿತ್ತು. ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಸ್ ಎಂಬ ಗಣಿತಜ್ಞರು ಅಲ್ಲಿ ಒಂದು ಟೆಲಿಪ್ರಿಂಟರನ್ನು ಇರಿಸಿದ್ದರು. ಲೆಕ್ಕಮಾಡುವ ಯಂತ್ರವು ಮಾತ್ರ ಇನ್ನೂರು ಮೈಲಿಗೂ ಅಧಿಕ ದೂರದ ನ್ಯೂಯಾರ್ಕ್ ನಗರದಲ್ಲಿತ್ತು. ದೂರವಾಣಿಯ ರಿಲೇಗಳನ್ನು ಜೋಡಿಸಿ ಮಾಡಿದ ಆ ಯಂತ್ರವು ಸಂಮಿಶ್ರ ಸಂಖ್ಯೆಗಳ ಲೆಕ್ಕಗಳನ್ನು ಮಾಡುತ್ತಿತ್ತು. ಹ್ಯಾನೋವರಿನಲ್ಲಿ ಲೆಕ್ಕವನ್ನು ಒತ್ತಿದರೆ ಅದು ತಂತಿಯ ಮೂಲಕ ನ್ಯೂಯಾರ್ಕಿಗೆ ಹೋಗಿ, ಉತ್ತರವು ಮರಳಿ ಬಂದು ಸಭಿಕರ ಮುಂದೆಯೇ ಅಚ್ಚಾಗುತ್ತಿತ್ತು. ಆ ಸಭಿಕರಲ್ಲಿ ನಾರ್ಬರ್ಟ್ ವೀನರ್ ಅವರೂ, ಮುಂದೆ ಎನಿಯಾಕ್ ಎಂಬ ಪ್ರಸಿದ್ಧ ಗಣಕಯಂತ್ರದ ನಿರ್ಮಾಪಕರಲ್ಲಿ ಒಬ್ಬರಾದ ಜಾನ್ ಮಾಕ್ಲಿಯವರೂ ಇದ್ದರು.

ಅಂದು ಇದ್ದದ್ದು ಒಂದೇ ತಂತಿ, ಒಂದೇ ಯಂತ್ರ. ಅನೇಕ ಯಂತ್ರಗಳು ಸೇರಿದ ಜಾಲದಲ್ಲಿ ಈ ಕಾರ್ಯವು ನಡೆದುದು ೧೯೬೯ನೆಯ ಇಸವಿ ಅಕ್ಟೋಬರ್ ೨೯ನೆಯ ತಾರೀಖಿನ ರಾತ್ರಿ. ಇಂದಿನ ಅಂತರ್ಜಾಲಕ್ಕೆ ಮೂಲವಾದ ಆರ್ಪಾನೆಟ್ ಎಂಬ ಜಾಲವನ್ನು ಆಗತಾನೇ ಕಟ್ಟುತ್ತಿದ್ದರು. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಲೆನಾರ್ಡ್ ಕ್ಲೈನ್‌ರಾಕ್ ಅವರ ಕೈಕೆಳಗೆ ಕೆಲಸಮಾಡುತ್ತಿದ್ದ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿಯು, ಮುನ್ನೂರು ಮೈಲಿಗೂ ಅಧಿಕ ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾಲಯದ ಯಂತ್ರವನ್ನು ಪ್ರವೇಶಿಸಲು 'ಲಾಗಿನ್' ಎಂಬ ಪದದ ಅಕ್ಷರಗಳನ್ನು ಒಂದೊಂದಾಗಿ ಒತ್ತತೊಡಗಿದನು. ಆ ಕಡೆಯಲ್ಲಿ ಬಿಲ್ ಡುವಾಲ್ ಎಂಬವರು ದೂರವಾಣಿಯನ್ನು ಕಿವಿಗಿಟ್ಟುಕೊಂಡು, ಅಕ್ಷರವು ಬಂದಿತೋ ಇಲ್ಲವೋ ಎಂಬುದನ್ನು ಹೇಳುತ್ತಿದ್ದರು. 'ಎಲ್' ಬಂದಿತು, 'ಓ' ಬಂದಿತು, 'ಜಿ' ಒತ್ತಿದಾಗ ಆ ಕಡೆಯ ಯಂತ್ರವು ನಿಂತುಹೋಯಿತು. ದೋಷವನ್ನು ತಿದ್ದಿ ಸುಮಾರು ಒಂದು ಗಂಟೆಯ ತರುವಾಯ ಮತ್ತೆ ಪ್ರಯತ್ನಿಸಲು ಪ್ರವೇಶವು ಸಫಲವಾಯಿತು.

ಈ ವೃತ್ತಾಂತದಲ್ಲಿ ನಮಗೆ ಉಪಯೋಗಕ್ಕೆ ಬರುವ ಅಂಶವು ಆ ದೂರವಾಣಿಯೇ. ಎರಡು ಕಡೆಯವರೂ ಒಬ್ಬರನ್ನೊಬ್ಬರು ಬಲ್ಲವರು. ಒಬ್ಬರ ಧ್ವನಿಯನ್ನು ಒಬ್ಬರು ಕೇಳುತ್ತಿದ್ದರು. ಯಾರು ಬರುತ್ತಿದ್ದಾರೆ, ಏತಕ್ಕೆ ಬರುತ್ತಿದ್ದಾರೆ ಎಂಬುದು ಇಬ್ಬರಿಗೂ ತಿಳಿದಿತ್ತು. ಜಾಲವು ಬೆಳೆದಂತೆಲ್ಲಾ ಈ ಪರಿಚಯವು ಇಲ್ಲವಾಯಿತು.

೩. ಬಾಗಿಲಿಗೆ ಬೀಗ ಬಂದ ಬಗೆ

ಲಾಗಿನ್ ಎಂದರೆ ಬಾಗಿಲು ತಟ್ಟಿ, ಹೆಸರು ಹೇಳಿ, ಗುರುತು ಕೊಟ್ಟು ಒಳಗೆ ಹೋಗುವುದು. ಆ ಗುರುತಿಗೆ ಪಾಸ್‌ವರ್ಡ್ ಅಥವಾ ಗುಪ್ತಪದವೆಂದು ಹೆಸರು. ೧೯೬೯ರಿಂದ ರೂಪುಗೊಳ್ಳುತ್ತಾ ಬಂದು ೧೯೮೩ರಲ್ಲಿ ಪ್ರಮಾಣಪತ್ರವಾಗಿ ಪ್ರಕಟವಾದ ಟೆಲ್ನೆಟ್ ಎಂಬ ಪದ್ಧತಿಯಿಂದ ಜನರು ಬಹುಕಾಲ ದೂರದ ಯಂತ್ರಗಳನ್ನು ಪ್ರವೇಶಿಸುತ್ತಿದ್ದರು. ಆ ಪದ್ಧತಿಯಲ್ಲಿ ಹೆಸರೂ ಗುಪ್ತಪದವೂ ಜಾಲದ ಮೇಲೆ ಬಿಚ್ಚಕ್ಷರದಲ್ಲಿಯೇ ಹೋಗುತ್ತಿದ್ದವು. ಅಂಚೆಯ ಕಾರ್ಡಿನಲ್ಲಿ ಬರೆದ ಗುಟ್ಟನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದಲ್ಲವೇ? ಹಾಗೆಯೇ ಜಾಲದ ನಡುವೆ ಹೊಂಚುಹಾಕಿದವರು ಗುಪ್ತಪದಗಳನ್ನು ಓದಿಕೊಳ್ಳುತ್ತಿದ್ದರು.

೧೯೯೫ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಇಂಥಾ ಕಳವು ನಡೆದುದನ್ನು ಕಂಡು, ಅಲ್ಲಿಯ ಸಂಶೋಧಕರಾದ ತಾತು ಇಲೋನೆನ್ ಎಂಬವರು ಎಸ್‌ಎಸ್‌ಎಚ್ ಎಂಬ ಹೊಸ ಪದ್ಧತಿಯನ್ನು ರಚಿಸಿ ಅದೇ ವರ್ಷ ಎಲ್ಲರಿಗೂ ಹಂಚಿದರು. ಇದರಲ್ಲಿ ಎರಡು ಯಂತ್ರಗಳ ನಡುವಣ ಮಾತೆಲ್ಲವೂ ಗೂಢಲಿಪಿಯಲ್ಲಿ ನಡೆಯುತ್ತದೆ. ಅರಗಿನ ಮುದ್ರೆ ಹಾಕಿದ ಲಕೋಟೆಯಂತೆ ಅದು ದಾರಿಹೋಕರ ಕೈಗೆ ಸಿಕ್ಕಿದರೂ ಓದಲು ಬಾರದು. ಇದಲ್ಲದೆ ಗುಪ್ತಪದಕ್ಕೆ ಬದಲಾಗಿ ಜೋಡಿ ಕೀಲಿಗಳನ್ನು ಉಪಯೋಗಿಸುವ ಕ್ರಮವೂ ಇದರಲ್ಲಿ ಉಂಟು. ಇದನ್ನು ಮುದ್ರೆಯುಂಗುರಕ್ಕೆ ಹೋಲಿಸಬಹುದು. ಉಂಗುರವು ಒಡತಿಯ ಬೆರಳನ್ನು ಬಿಟ್ಟು ಹೋಗುವುದಿಲ್ಲ. ಅದು ಒತ್ತಿದ ಅಚ್ಚು ಮಾತ್ರ ಪ್ರಯಾಣಮಾಡುತ್ತದೆ. ಅಚ್ಚಿನ ಮಾದರಿಯನ್ನು ಮೊದಲೇ ಇಟ್ಟುಕೊಂಡಿರುವ ದೂರದ ಯಂತ್ರವು ಎರಡನ್ನೂ ಹೋಲಿಸಿ ನೋಡಿ ಬಾಗಿಲು ತೆರೆಯುತ್ತದೆ.

ಎಸ್‌ಎಸ್‌ಎಚ್ ಪದ್ಧತಿಯಲ್ಲಿ ಬರುವವರು ತಮ್ಮ ಗುರುತನ್ನು ಕೊಡುವಂತೆಯೇ ದೂರದ ಯಂತ್ರವೂ ತನ್ನ ಗುರುತನ್ನು ಮೊದಲು ತೋರಿಸತಕ್ಕದ್ದು. ಅಶೋಕವನದಲ್ಲಿ ಸೀತೆಯು ಹನುಮಂತನ ಸವಿಮಾತನ್ನು ಮಾತ್ರ ಕೇಳಿ ತೃಪ್ತಳಾಗಲಿಲ್ಲ. ರಾಮನ ಉಂಗುರವನ್ನು ಕಂಡಮೇಲೆ ಅವಳ ಸಂದೇಹವು ದೂರವಾಯಿತು. ಯಂತ್ರಗಳಿಗೆ ಕಲಿಸಿದ ಈ ಎಚ್ಚರವನ್ನು ಮನುಷ್ಯರು ಮರೆಯುತ್ತಿರುವುದೇ ಇಂದಿನ ವಂಚನೆಗಳಿಗೆ ಕಾರಣವೆಂಬುದು ಮುಂದೆ ತಿಳಿದುಬರುವುದು.

೪. ಪರದೆಯು ಪ್ರಯಾಣಮಾಡುವ ರೀತಿ

ಮೇಲೆ ಹೇಳಿದ ಪದ್ಧತಿಗಳಲ್ಲಿ ಹೋಗಿಬರುತ್ತಿದ್ದುದು ಪ್ರಾಯಶಃ ಅಕ್ಷರಗಳು. ಚಿತ್ರಮಯವಾದ ಇಡೀ ಪರದೆಯನ್ನೇ ಕಳುಹಿಸಬೇಕಾದರೆ ಎಷ್ಟು ಭಾರವಾದೀತೆಂಬುದನ್ನು ಲೆಕ್ಕಹಾಕೋಣ. ಸಾಧಾರಣವಾದ ಒಂದು ಪರದೆಯಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳಿರುತ್ತವೆ. ಇವನ್ನು ಗುಣಿಸಿದರೆ ೨೦,೭೩,೬೦೦ ಚುಕ್ಕೆಗಳಾದವು. ಒಂದೊಂದು ಚುಕ್ಕೆಯ ಬಣ್ಣಕ್ಕೆ ೩ ಬೈಟುಗಳಂತೆ ಒಂದು ಚಿತ್ರಕ್ಕೆ ೬೨,೨೦,೮೦೦ ಬೈಟುಗಳು. ಸೆಕೆಂಡಿಗೆ ೩೦ ಚಿತ್ರಗಳನ್ನು ಕಳುಹಿಸಿದರೆ ೧೮,೬೬,೨೪,೦೦೦ ಬೈಟುಗಳು. ಮನೆಯ ಸಾಮಾನ್ಯ ಸಂಪರ್ಕವು ಇಷ್ಟನ್ನು ಹೊರಲಾರದು.

ಇದಕ್ಕೆ ಕಂಡುಕೊಂಡ ಉಪಾಯವು ಸರಳವಾದುದು. ಪರದೆಯಲ್ಲಿ ಯಾವ ಭಾಗವು ಬದಲಾಯಿತೋ ಆ ಭಾಗವನ್ನು ಮಾತ್ರ ಕಳುಹಿಸುವುದು. ಮೂಲೆಯಲ್ಲಿ ಗಡಿಯಾರದ ನಿಮಿಷ ಬದಲಾದರೆ ಆ ಚಿಕ್ಕ ಆಯತವನ್ನು ಕಳುಹಿಸಿದರೆ ಸಾಕು. ಮಿಕ್ಕ ಪರದೆಯು ಆ ಕಡೆ ಮೊದಲೇ ಇದೆ. ಕರಿಹಲಗೆಯ ಮೇಲೆ ಒಂದು ಅಂಕಿಯನ್ನು ತಿದ್ದಬೇಕಾದಾಗ ಉಪಾಧ್ಯಾಯಿನಿಯು ಹಲಗೆಯನ್ನೆಲ್ಲಾ ಒರಸುವುದಿಲ್ಲವಷ್ಟೆ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಒಲಿವೆಟ್ಟಿ ಸಂಶೋಧನಾಲಯದಲ್ಲಿ ರೂಪುಗೊಂಡು ೧೯೯೮ರಲ್ಲಿ ಲೋಕಕ್ಕೆ ಬಂದ ವಿಎನ್‌ಸಿ ಎಂಬ ಸಾಧನವು ಈ ಆಯತದ ತತ್ತ್ವವನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯವರೂ ತಮ್ಮ ಆರ್‌ಡಿಪಿ ಎಂಬ ಪದ್ಧತಿಯನ್ನು ವಿಂಡೋಸ್‌ನೊಡನೆ ಹೊರತಂದರು.

ಇನ್ನೊಂದು ಅಡ್ಡಿಯು ಕಾಲದ್ದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ವೇಗದಿಂದ ಹರಿಯುತ್ತದೆ. ಬೆಂಗಳೂರಿನಿಂದ ನ್ಯೂಯಾರ್ಕಿಗೆ ನೇರವಾಗಿಯೇ ೧೩,೦೦೦ ಕಿಲೋಮೀಟರಿಗೆ ಕಡಮೆಯಿಲ್ಲ. ಒಂದು ಒತ್ತು ಹೋಗಿ ಅದರ ಫಲವು ಪರದೆಯ ಮೇಲೆ ಮರಳಿ ಬರಲು ಸೆಕೆಂಡಿನ ನೂರರಲ್ಲಿ ೧೩ ಪಾಲಾದರೂ ಬೇಕು. ತಂತಿಗಳು ಸುತ್ತುಬಳಸಿ ಹೋಗುವುದರಿಂದ ಇನ್ನೂ ಹೆಚ್ಚೇ ಹಿಡಿಯುತ್ತದೆ. ನಮ್ಮ ಹಾಸನದಲ್ಲಿರುವ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರದವರು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದ ಉಪಗ್ರಹಗಳಿಗೆ ರೇಡಿಯೋ ಅಲೆಗಳ ಮೂಲಕ ಅಪ್ಪಣೆ ಕಳುಹಿಸುವಾಗಲೂ ಹೋಗಿಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಆದಕಾರಣ ದೂರದ ಯಂತ್ರವು ತುಸು ತಡವಾಗಿ ಉತ್ತರಕೊಟ್ಟರೆ ಆತುರಪಟ್ಟು ಮತ್ತೆ ಮತ್ತೆ ಒತ್ತಬಾರದು. ಒತ್ತಿದ್ದೆಲ್ಲವೂ ಅಲ್ಲಿಗೆ ಹೋಗಿ ಸೇರುತ್ತದೆ.

೫. ಒಡತಿಯ ಪ್ರವೇಶವೂ ಅತಿಥಿಯ ಪ್ರವೇಶವೂ

ದೂರದ ಯಂತ್ರವನ್ನು ಪ್ರವೇಶಿಸುವುದರಲ್ಲಿ ಎರಡು ಬಗೆಗಳುಂಟು.

ಮೊದಲನೆಯದು ಒಡತಿಯ ಪ್ರವೇಶ. ಕಛೇರಿಯ ಯಂತ್ರವನ್ನು ಅಲ್ಲಿಯೇ ಬಿಟ್ಟು, ಮನೆಯಿಂದ ಅದನ್ನು ನಡೆಸುವುದು. ೨೦೨೦ರ ಮಹಾಮಾರಿಯ ಕಾಲದಲ್ಲಿ ಅಸಂಖ್ಯಾತ ಉದ್ಯೋಗಸ್ಥರು ಹೀಗೆಯೇ ಕೆಲಸಮಾಡಿದರು. ಇಲ್ಲಿ ದೂರದ ಯಂತ್ರದ ಮುಂದೆ ಯಾರೂ ಕುಳಿತಿರಬೇಕಾಗಿಲ್ಲ. ಬೀಗದ ಕೈ ಒಡತಿಯ ಹತ್ತಿರ ಸದಾ ಇರುತ್ತದೆ. ಆದಕಾರಣವೇ ಬೀಗವು ಬಲವಾಗಿರತಕ್ಕದ್ದು. ಉದ್ದವಾದ ಗುಪ್ತಪದ, ಎರಡನೆಯ ಗುರುತು, ಕಛೇರಿಯ ಖಾಸಗಿ ಜಾಲ, ಇವಿಲ್ಲದೆ ಇಂಥಾ ಬಾಗಿಲನ್ನು ಬಹಿರಂಗ ಅಂತರ್ಜಾಲಕ್ಕೆ ತೆರೆದಿಟ್ಟರೆ ಬಾಗಿಲು ತಟ್ಟಿನೋಡುವ ಕಳ್ಳರು ಬೇಗನೆ ಹುಡುಕಿಕೊಂಡು ಬರುತ್ತಾರೆ.

ಎರಡನೆಯದು ಅತಿಥಿಯ ಪ್ರವೇಶ. ತಾಯಿಯು ಕರೆದಾಗ ಮಗಳು ಬಂದು ಸಹಾಯಮಾಡಿ ಹೋಗುವುದು ಇದಕ್ಕೆ ಉದಾಹರಣೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇದಕ್ಕೆ ಆಮಂತ್ರಣ ಕಳುಹಿಸುವ ಏರ್ಪಾಡಿತ್ತು. ಈಗ ಟೀಮ್‌ವ್ಯೂವರ್, ಎನಿಡೆಸ್ಕ್ ಮುಂತಾದ ಸಾಧನಗಳು ಬಳಕೆಯಲ್ಲಿವೆ. ಮನೆಯ ಯಂತ್ರಗಳು ಸಾಮಾನ್ಯವಾಗಿ ರೌಟರಿನ ಹಿಂದೆ ಮರೆಯಾಗಿರುವುದರಿಂದ ಹೊರಗಿನವರಿಗೆ ನೇರವಾಗಿ ಕಾಣುವುದಿಲ್ಲ. ಆದುದರಿಂದ ಎರಡು ಯಂತ್ರಗಳೂ ಆ ಸಾಧನದ ಸಂಸ್ಥೆಯವರ ಯಂತ್ರವೊಂದನ್ನು ಸಂಪರ್ಕಿಸುತ್ತವೆ. ಅದು ಇಬ್ಬರನ್ನೂ ಒಂದುಗೂಡಿಸುತ್ತದೆ. ಯಾರು ಯಾರೊಡನೆ ಕೂಡಬೇಕೆಂಬುದನ್ನು ತಿಳಿಸುವುದು ಒಂದು ಸಂಖ್ಯೆ. ಕೆಲವು ಸಾಧನಗಳಲ್ಲಿ ಆ ಸಂಖ್ಯೆಯು ಸಹಾಯ ಕೇಳುವವರ ಪರದೆಯ ಮೇಲೆ ತೋರುತ್ತದೆ. ಕೆಲವುಗಳಲ್ಲಿ ಸಹಾಯಮಾಡುವವರು ಅದನ್ನು ಕೊಡುತ್ತಾರೆ. ಹೇಗಿದ್ದರೂ, ಸಂಖ್ಯೆಯನ್ನು ತಿಳಿಸಿ 'ಅನುಮತಿಸು' ಎಂಬಲ್ಲಿ ಒತ್ತಿದರೆ ಮನೆಯ ಬೀಗದ ಕೈಯನ್ನು ಕೊಟ್ಟಂತೆಯೇ ಸರಿ.

ಈ ಎರಡು ಪ್ರವೇಶಗಳಿಗೂ ಅನುಮತಿಯೇ ಪ್ರಾಣ. ಅತಿಥಿಯ ಪ್ರವೇಶದಲ್ಲಿ ಅನುಮತಿಗೆ ಮೂರು ಅಂಗಗಳಿವೆ: ಕರೆದವರು ಮನೆಯವರಾಗಿರಬೇಕು, ಕೆಲಸ ನಡೆಯುವಾಗ ಮನೆಯವರು ಎದುರಿಗೆ ಕುಳಿತು ನೋಡುತ್ತಿರಬೇಕು, ಕೆಲಸ ಮುಗಿದೊಡನೆ ಬಾಗಿಲು ಮುಚ್ಚಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅಪಾಯವು ಹುಟ್ಟುತ್ತದೆ.

೬. ಕರೆಯದೆ ಬಂದವರೂ, ಬಂದು ಹೋಗದವರೂ

ಮೊದಲನೆಯ ಅಂಗವು ತಪ್ಪಿದುದರ ಫಲವೇ ದೂರವಾಣಿಯ ವಂಚನೆ. ಅಪರಿಚಿತನೊಬ್ಬನು ಬ್ಯಾಂಕಿನವನೆಂದೋ, ವಿದ್ಯುತ್ ಇಲಾಖೆಯವನೆಂದೋ ಹೇಳಿಕೊಂಡು ಕರೆಮಾಡುತ್ತಾನೆ. ಖಾತೆಯು ನಿಂತುಹೋಗುವುದೆಂದು ಹೆದರಿಸುತ್ತಾನೆ, ಇಲ್ಲವೇ ಹಣ ಮರಳಿ ಬರುವುದೆಂದು ಆಸೆ ತೋರಿಸುತ್ತಾನೆ. ಬಳಿಕ ಒಂದು ಆ್ಯಪನ್ನು ಹಾಕಿಕೊಳ್ಳಿರೆಂದೂ, ಅದರಲ್ಲಿ ಕಾಣುವ ಸಂಖ್ಯೆಯನ್ನು ಓದಿ ಹೇಳಿರೆಂದೂ ಕೇಳುತ್ತಾನೆ. ಸಂಖ್ಯೆಯನ್ನು ಹೇಳಿ ಅನುಮತಿ ಕೊಟ್ಟ ಕ್ಷಣದಿಂದ ಆ ಮೊಬೈಲಿನ ಪರದೆಯು ಅವನ ಎದುರಿಗಿರುತ್ತದೆ. ಬ್ಯಾಂಕಿನಿಂದ ಬರುವ ಓಟಿಪಿಯು ಅದೇ ಪರದೆಯ ಮೇಲೆ ಮೂಡುವುದರಿಂದ, ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಅವನು ಓದಿಕೊಳ್ಳುತ್ತಾನೆ. "ನೋಡುವುದಕ್ಕೆ ಮಾತ್ರ ಅನುಮತಿ ಕೊಡಿ, ಮುಟ್ಟುವುದಿಲ್ಲ" ಎಂಬ ಮಾತಿಗೆ ಮರುಳಾಗಕೂಡದೆಂಬುದಕ್ಕೆ ಇದೇ ಕಾರಣ. ೨೦೧೯ರ ಫೆಬ್ರವರಿಯಲ್ಲಿಯೇ ಭಾರತೀಯ ರಿಸರ್ವ್ ಬ್ಯಾಂಕಿನವರು ಎನಿಡೆಸ್ಕ್ ಆ್ಯಪಿನ ಇಂಥಾ ದುರುಪಯೋಗದ ವಿಷಯದಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿದರು. ದೋಷವು ಸಾಧನದ್ದಲ್ಲವೆಂಬುದನ್ನೂ ಇಲ್ಲಿ ಹೇಳತಕ್ಕದ್ದು. ಕಳ್ಳನ ಕೈಗೆ ಸಿಕ್ಕಿದ ಏಣಿಯನ್ನು ಮಾಡಿದ ಬಡಗಿಯು ಕಳ್ಳನಲ್ಲ.

ಮೂರನೆಯ ಅಂಗವು ತಪ್ಪಿದಾಗ ಬರುವ ಕೇಡು ಸದ್ದುಮಾಡುವುದಿಲ್ಲ. ಆದಕಾರಣ ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ತಿಳಿದಿರಬೇಕು. ಈ ಸಾಧನಗಳಲ್ಲಿ, ಎದುರಿಗೆ ಯಾರೂ ಇಲ್ಲದಿರುವಾಗಲೂ ಪ್ರವೇಶಿಸಲು ಸ್ಥಿರವಾದ ಗುಪ್ತಪದವೊಂದನ್ನು ಇಟ್ಟುಬಿಡುವ ಏರ್ಪಾಡು ಉಂಟು. ಲ್ಯಾಪ್‌ಟಾಪನ್ನು ಸರಿಪಡಿಸಿಕೊಡುವೆನೆಂದು ಬಂದ ಪರಿಚಯಸ್ಥನೊಬ್ಬನು ಹೀಗೆ ಗುಪ್ತಪದವನ್ನಿಟ್ಟು ಹೋದರೆ, ಮುಂದೆ ತನಗೆ ಬೇಕಾದಾಗ ಅವಳ ಪತ್ರಗಳನ್ನು ಓದಬಹುದು, ಭಾವಚಿತ್ರಗಳನ್ನು ನೋಡಬಹುದು. ಸಹಾಯವೆಂದು ಆರಂಭವಾದುದು ಕಾವಲಾಗಿ ಪರಿಣಮಿಸುತ್ತದೆ. ಬಂದವನು ಸ್ನೇಹಿತನಾಗಿರಲಿ, ನೆಂಟನಾಗಿರಲಿ, ಬೀಗದ ಕೈಯನ್ನು ಹಿಂದಕ್ಕೆ ಕೇಳಿ ಪಡೆಯುವುದರಲ್ಲಿ ಅವಿನಯವೇನೂ ಇಲ್ಲ. ಸಂಕೋಚದಿಂದ ಸುಮ್ಮನಿರುವ ಸ್ವಭಾವವನ್ನು ನಮ್ಮ ಹುಡುಗಿಯರು ಈ ಒಂದು ವಿಷಯದಲ್ಲಾದರೂ ಬಿಡಬೇಕೆಂದು ನನ್ನ ವಿನಂತಿ.

ಶಾಲಾ ಕಛೇರಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿಯ ಯಂತ್ರಗಳಲ್ಲಿ ಮಕ್ಕಳ ಅಂಕಗಳು ಮಾತ್ರವಲ್ಲದೆ ಅವರ ಮನೆಯ ವಿಳಾಸವೂ, ಪೋಷಕರ ದೂರವಾಣಿಯ ಸಂಖ್ಯೆಯೂ ಇರುತ್ತವೆ. ರಿಪೇರಿಯವರು ದೂರದಿಂದ ಕೆಲಸಮಾಡುವಾಗ ಕಛೇರಿಯವರೊಬ್ಬರು ಎದುರಿಗೆ ಕುಳಿತಿರಬೇಕೆಂಬುದು ಕಟ್ಟುನಿಟ್ಟಾದ ಪದ್ಧತಿಯಾಗತಕ್ಕದ್ದು.

೭. ಪಾಲಿಸತಕ್ಕ ನಿಯಮಗಳು

(೧) ಕರೆ ನಿಮ್ಮಿಂದ ಹೊರಡಬೇಕು. ತಾವಾಗಿಯೇ ಕರೆಮಾಡಿ ಸಹಾಯಮಾಡಬಂದವರಿಗೆ ಪರದೆಯನ್ನು ತೋರಿಸಬಾರದು. ಬ್ಯಾಂಕಿನ ವಿಷಯವಾದರೆ ಆ ಕರೆಯನ್ನು ನಿಲ್ಲಿಸಿ, ಪಾಸ್‌ಬುಕ್ಕಿನಲ್ಲಿಯೋ ಕಾರ್ಡಿನ ಹಿಂಭಾಗದಲ್ಲಿಯೋ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆಮಾಡಿರಿ.

(೨) ಮಗಳೋ ಮಗನೋ ಸಹಾಯಮಾಡುವಾಗಲೂ ದೂರವಾಣಿಯಲ್ಲಿ ಮಾತನಾಡುತ್ತಾ ಇರಿ. ಧ್ವನಿಯೇ ಇಲ್ಲದೆ ಸಂದೇಶದಲ್ಲಿ ಮಾತ್ರ ಸಂಖ್ಯೆಯನ್ನು ಕೇಳಿದರೆ ಕೊಡಬೇಡಿರಿ.

(೩) ಅನುಮತಿ ಕೊಡುವ ಮೊದಲು ಬ್ಯಾಂಕಿನ ಪುಟಗಳನ್ನೂ ಖಾಸಗಿ ಪತ್ರಗಳನ್ನೂ ಮುಚ್ಚಿರಿ. ಕೆಲಸ ನಡೆಯುತ್ತಿರುವಾಗ ಎದ್ದುಹೋಗಬೇಡಿರಿ.

(೪) ಕೆಲಸ ಮುಗಿದ ಕೂಡಲೆ ಸಂಪರ್ಕವನ್ನು ಕಡಿಯಿರಿ. ಸಾಧನವು ಮತ್ತೆ ಬೇಡವಾಗಿದ್ದರೆ ತೆಗೆದುಹಾಕಿರಿ. ಬೇಕಾಗಿದ್ದರೆ ಸ್ಥಿರವಾದ ಗುಪ್ತಪದವು ಅದರಲ್ಲಿ ಉಳಿದಿದೆಯೇ ಎಂದು ನೋಡಿರಿ.

(೫) ಮೋಸವೆಂಬ ಸಂದೇಹ ಬಂದೊಡನೆ ಮೊದಲು ಇಂಟರ್‌ನೆಟ್ ಸಂಪರ್ಕವನ್ನು ಕಡಿಯಿರಿ. ಸೂತ್ರವು ತುಂಡಾದರೆ ಗೊಂಬೆಯು ನಿಲ್ಲುತ್ತದೆ. ಅನಂತರ ಬೇರೊಂದು ದೂರವಾಣಿಯಿಂದ ಬ್ಯಾಂಕಿಗೂ, ಸೈಬರ್ ಅಪರಾಧಗಳ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆಯಾದ ೧೯೩೦ಕ್ಕೂ ತಿಳಿಸಿರಿ. ದೂರು ಬೇಗನೆ ತಲುಪಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಾಧ್ಯತೆ ಹೆಚ್ಚು. ಗುಪ್ತಪದಗಳನ್ನು ಬೇರೊಂದು ಯಂತ್ರದಿಂದ ಬದಲಾಯಿಸಿರಿ.

(೬) ಮೋಸಹೋದವರನ್ನು ಮನೆಯವರು ಗದರಿಸಬಾರದು. ಗದರಿಕೆಯ ಭಯದಿಂದ ವೃದ್ಧರೂ ಹುಡುಗಿಯರೂ ಸಂಗತಿಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಪ್ರತಿಯೊಂದು ಗಂಟೆಯೂ ಕಳ್ಳನಿಗೆ ಲಾಭ.

ಅಭ್ಯಾಸ

೧. ದೂರನಿಯಂತ್ರಣದಲ್ಲಿ ಹರಿಯುವ ಎರಡು ಪ್ರವಾಹಗಳಾವುವು? ಅವುಗಳಲ್ಲಿ ಹೆಚ್ಚು ಭಾರವಾದುದು ಯಾವುದು? ಕಾರಣಸಹಿತ ವಿವರಿಸಿರಿ.

೨. ಟೆಲ್ನೆಟ್ ಪದ್ಧತಿಗೂ ಎಸ್‌ಎಸ್‌ಎಚ್ ಪದ್ಧತಿಗೂ ಇರುವ ಭೇದವನ್ನು ಕಾರ್ಡು, ಲಕೋಟೆಗಳ ದೃಷ್ಟಾಂತದಿಂದ ತಿಳಿಸಿರಿ.

೩. ಅಡ್ಡಲಾಗಿ ೧೦೦, ಉದ್ದಕ್ಕೆ ೪೦ ಚುಕ್ಕೆಗಳುಳ್ಳ ಒಂದು ಆಯತ ಮಾತ್ರ ಬದಲಾಯಿತೆಂದು ಭಾವಿಸಿರಿ. ಚುಕ್ಕೆಗೆ ೩ ಬೈಟಿನಂತೆ ಎಷ್ಟು ಬೈಟುಗಳನ್ನು ಕಳುಹಿಸಬೇಕು? ಇಡೀ ಪರದೆಯ ಲೆಕ್ಕದೊಡನೆ ಹೋಲಿಸಿರಿ.

೪. 'ನೋಡುವ ಅನುಮತಿ ಮಾತ್ರ' ಕೊಟ್ಟರೂ ಹಣ ಹೋಗುವುದು ಹೇಗೆ?

೫. ಮಗಳು ತಾಯಿಯೊಡನೆ ಅಥವಾ ತಂದೆಯೊಡನೆ ಕುಳಿತು, ಮನೆಯ ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಇರುವ ದೂರನಿಯಂತ್ರಣ ಸಾಧನಗಳನ್ನು ಪಟ್ಟಿಮಾಡಲಿ. ಒಂದೊಂದರ ಎದುರಿಗೂ, ಅದನ್ನು ಯಾರು ಹಾಕಿದರು, ಏತಕ್ಕೆ ಹಾಕಿದರು, ಈಗ ಬೇಕೇ ಎಂಬ ಮೂರು ಉತ್ತರಗಳನ್ನು ಬರೆಯಲಿ. ಉತ್ತರ ತಿಳಿಯದ ಸಾಧನವನ್ನು ಅಂದೇ ತೆಗೆದುಹಾಕಲಿ.